ಹೊಡೆಯದೆ ಹೋರಿ ಪಳಗಿಸುವ ಬಗೆ



ಸುಗ್ಗಿ ಮುಗಿದು ಕಣ ಖಾಲಿಯಾಗಿದೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯೂ ಆಗಿಹೋಯಿತು. ಜಾತ್ರೆಯಿಂದ ಎಳೆ ಹೋರಿಗಳನ್ನು ಹಿಡಿದು ತಂದವರು ನಿಮ್ಮಲ್ಲಿ ಕೆಲವರಿದ್ದೀರಿ. ಮನೆಯ ಹಸುವಿನ ಕರುವೇ ಬೆಳೆದು ಎರಡು ಹಲ್ಲು ಹಾಕಿತು ಅಂತ ಸಂತೋಷದಲ್ಲಿರುವವರೂ ಇದ್ದೀರಿ. ಮುಂಗಾರು ಬರುವುದರೊಳಗೆ ಈ ಹೋರಿಗಳಿಗೆ ನೊಗ ಕಲಿಸಬೇಕು. ಈ ಹೊತ್ತು ನಾನು ಮಾತಾಡುವುದು ಅದರ ಬಗ್ಗೆಯೇ.

ಟ್ರಾಕ್ಟರು ಬಂದಮೇಲೆ ಎತ್ತಿನ ಮಾತೇಕೆ ಅಂತ ಕೇಳುವವರು ಇರಬಹುದು. ಎರಡು ಎಕರೆಯ ಒಕ್ಕಲಿಗೆ ರಾಗಿಯ ಸಾಲಿನ ನಡುವೆ ಎಡೆಕುಂಟೆ ಆಡಿಸಲು, ತಿಪ್ಪೆಯ ಗೊಬ್ಬರ ಹೊಲಕ್ಕೆ ಹೊಡೆಯಲು, ಹದ ತಪ್ಪುವುದರೊಳಗೆ ಬಿತ್ತಲು, ಮನೆಯ ಜೋಡಿ ಎತ್ತು ಇವತ್ತಿಗೂ ದೊಡ್ಡ ಆಸರೆ. ಆದರೆ ಆ ಎತ್ತು ಮಾತು ಕೇಳುವ ಎತ್ತಾಗಿರಬೇಕು. ಒದೆಯುವ, ಹಾಯುವ, ನೊಗ ಕಂಡರೆ ಮಲಗುವ ಎತ್ತು ಮನೆಗೆ ಭಾರ, ಮೈಗೆ ಅಪಾಯ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಿಯಲ್ಲಿ ಬೀಜದ ವಿಚಾರ ಮಾತಾಡಲು ಹೋಗಿದ್ದಾಗ, ಹೊಲದಲ್ಲಿ ಒಬ್ಬ ಯಜಮಾನರು ಹೊಸ ಹೋರಿಗೆ ನೊಗ ಕಟ್ಟಿ ಹೆಣಗುತ್ತಿದ್ದರು. ಹೋರಿ ನಾಲ್ಕು ಹೆಜ್ಜೆ ನಡೆಯುವುದು, ಮಲಗಿಬಿಡುವುದು. ಬಾಲ ತಿರುಚಿದರೂ ಏಳಲಿಲ್ಲ. ನಾನು ಬದುವಿನ ಮೇಲೆ ನಿಂತು, "ಮೊಂಡು ಬಿದ್ದಿದೆ, ಬಿಡಬೇಡಿ, ಎರಡು ಬಿಗಿಯಿರಿ" ಅಂದೆ. ಓದಿ ಬಂದವನೇ ಹೇಳಿದ ಮೇಲೆ ಕೇಳಬೇಕೆ? ಬಾರುಕೋಲು ಬಿತ್ತು. ಹೋರಿ ಎದ್ದಿತು, ಎದ್ದದ್ದೇ ಕೊಂಬು ಬೀಸಿ, ಹಗ್ಗ ಹಿಡಿದಿದ್ದ ಯಜಮಾನರ ಮಗನ ತೊಡೆಗೆ ಹಾಯಿತು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಸಂಜೆ ಪಶುವೈದ್ಯರು ಬಂದು ಹೋರಿಯ ಹೆಗಲು ಮುಟ್ಟಿ ನೋಡಿದರು. ಹಿಣಿಲಿನ ಮುಂದೆ, ಕೂದಲ ಕೆಳಗೆ, ಕೋಳಿಮೊಟ್ಟೆಯಷ್ಟು ಬಾವು. ನೊಗವನ್ನು ಮಗುಚಿ ನೋಡಿದರೆ ಮರ ಸೀಳಿ ಒಂದು ಚಕ್ಕೆ ಎದ್ದಿತ್ತು. ಹೆಜ್ಜೆಹೆಜ್ಜೆಗೂ ಅದು ಬಾವಿಗೆ ಒತ್ತುತ್ತಿತ್ತು. ನಾವು ಮೊಂಡುತನ ಅಂದದ್ದು ನೋವಾಗಿತ್ತು. ಮದ್ದು ಹಾಕಿದರೆ ಬಾವು ವಾಸಿಯಾಗುತ್ತಿತ್ತು. ಆದರೆ ಮನೆಯವರ ಮನಸ್ಸು ಮುರಿದಿತ್ತು. ಮುಂದಿನ ಸಂತೆಯಲ್ಲಿ ಕೊಂಡ ಬೆಲೆಯ ಅರ್ಧಕ್ಕೆ ಅದನ್ನು ಕೊಟ್ಟುಬಿಟ್ಟರು. ಮಾತು ನನ್ನದು, ನಷ್ಟ ಅವರದು. ಅದಕ್ಕಾಗಿಯೇ ಈ ಭಾಷಣದಲ್ಲಿ ಮೊದಲು ಹೇಳುವ ಮಾತು ಇದು: ಹೋರಿ ಮಾತು ಕೇಳದಿದ್ದರೆ ಕೋಲು ಹುಡುಕುವ ಮೊದಲು ನೋವು ಹುಡುಕಿ. ಹೆಗಲು ನೋಡಿ, ಮೂಗುದಾರದ ತೂತು ನೋಡಿ, ಗೊರಸಿನ ಸಂದಿಯಲ್ಲಿ ಮುಳ್ಳು, ಹರಳು ಇದೆಯೇ ನೋಡಿ, ಬಾಯಿ ನೋಡಿ. ಅನುಮಾನ ಬಂದರೆ ಪಶುವೈದ್ಯರನ್ನು ಕರೆಸಿ.

ನೋವಿಲ್ಲದಿದ್ದರೆ ಉಳಿಯುವುದು ಭಯ. ದನವಾಗಲಿ ಕುದುರೆಯಾಗಲಿ, ಕಾಡಿನಲ್ಲಿದ್ದ ಕಾಲದಿಂದ ಹುಲಿ, ತೋಳಗಳಿಗೆ ಬೆದರಿ ಓಡಿ ಜೀವ ಉಳಿಸಿಕೊಂಡ ಜಾತಿ. ಅವುಗಳ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದೂ ಅದಕ್ಕೇ. ತಲೆ ತಿರುಗಿಸದೆಯೇ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತವೆ. ಆದರೆ ನೇರ ಬೆನ್ನ ಹಿಂದೆ ಇರುವುದು ಕಾಣುವುದಿಲ್ಲ. ಆದ್ದರಿಂದ ಹಿಂದಿನಿಂದ ಸದ್ದಿಲ್ಲದೆ ಬಂದು ಮುಟ್ಟಿದರೆ ಒದೆಯುತ್ತವೆ. ಅದು ಕೆಟ್ಟಬುದ್ಧಿಯಲ್ಲ, ಹೆದರಿಕೆ. ನೆಲದ ಮೇಲಿನ ನೆರಳು, ನೀರಿನ ಮಡು, ಬಿದ್ದ ಹಗ್ಗ ಇವು ಹಳ್ಳವೋ ಹಾವೋ ಎಂದು ಒಂದೇ ನೋಟಕ್ಕೆ ಅವಕ್ಕೆ ತಿಳಿಯದು; ತಲೆ ಬಗ್ಗಿಸಿ ನೋಡಬೇಕು, ಮೂಸಬೇಕು. ಆ ಒಂದು ನಿಮಿಷ ನಾವು ಕೊಡುವುದಿಲ್ಲ, "ಹೈ" ಅಂತ ಹೊಡೆಯುತ್ತೇವೆ. ಗ್ರೀಸ್ ದೇಶದ ಕ್ಸೆನೊಫೋನ್ ಎಂಬ ಸೇನಾನಿ ಸುಮಾರು 2,400 ವರ್ಷಗಳ ಹಿಂದೆಯೇ ಕುದುರೆಗಳ ಬಗ್ಗೆ ಒಂದು ಪುಸ್ತಕ ಬರೆದ. ಸಿಟ್ಟು ಬಂದಾಗ ಕುದುರೆಯ ತಂಟೆಗೆ ಹೋಗಬಾರದು, ಬೆದರಿದ ಕುದುರೆಯನ್ನು ಹೊಡೆದರೆ ಅದರ ಭಯ ಇಮ್ಮಡಿಯಾಗುತ್ತದೆ ಎಂದು ಅವನು ಅದರಲ್ಲಿ ಹೇಳಿದ್ದಾನೆ. ಹೊಡೆತದ ನೋವನ್ನು ಅದು ಬೆದರಿದ ವಸ್ತುವಿಗೇ ಜೋಡಿಸಿಕೊಳ್ಳುತ್ತದೆ. ಕುದುರೆಗೆ ಹೇಳಿದ ಈ ಮಾತು ನಮ್ಮ ಹೋರಿಗೂ ಅಷ್ಟೇ ಒಪ್ಪುತ್ತದೆ.

ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳು ಚುರುಕಿಗೆ ಹೆಸರಾದವು. ಟಿಪ್ಪುವಿನ ಕಾಲದಲ್ಲಿ ಫಿರಂಗಿ ಎಳೆದ ದನಗಳು ಇವು. ಅಮೃತಮಹಲ್ ದನ ಕಾವಲುಗಳಲ್ಲಿ ಬಿಡುಬೀಸಾಗಿ ಬೆಳೆದ ತಳಿ. ಮನುಷ್ಯರ ಒಡನಾಟ ಕಡಿಮೆ. ಚುರುಕು ಇರುವ ಕಡೆ ಬೆದರೂ ಇರುತ್ತದೆ. ಇಂಥ ಹೋರಿ ಒರಟು ಕೈಗೆ ಸಿಕ್ಕರೆ ಹಟಮಾರಿಯಾಗುತ್ತದೆ, ಸಮಾಧಾನದ ಕೈಗೆ ಸಿಕ್ಕರೆ ಬಂಗಾರವಾಗುತ್ತದೆ.

ಹೋರಿ ಏನು ಹೇಳುತ್ತಿದೆ ಅಂತ ತಿಳಿಯುವುದು ಹೇಗೆ? ಬಾಯಿ ಇಲ್ಲದಿದ್ದರೂ ಅದರ ಮೈಯೆಲ್ಲ ಮಾತಾಡುತ್ತದೆ. ತಲೆ ಮೇಲೆತ್ತಿ, ಕಿವಿ ನಿಮಿರಿಸಿ, ಕಣ್ಣಿನ ಬಿಳಿ ಕಾಣುವಂತೆ ನೋಡಿದರೆ ಬೆದರಿದೆ ಎಂದು ತಿಳಿಯಿರಿ. ಬುಸುಗುಟ್ಟುವುದು, ಬಾಲ ರಪರಪನೆ ಬಡಿಯುವುದು, ಮೇಲಿಂದ ಮೇಲೆ ತೆಳ್ಳಗೆ ಸಗಣಿ ಹಾಕುವುದು ಇವೂ ಭಯದ ಗುರುತೇ. ತಲೆ ತಗ್ಗಿಸಿ, ಕಿವಿ ಜೋಲುಬಿಟ್ಟು, ಮೆಲುಕು ಹಾಕಲು ಶುರುಮಾಡಿದರೆ ಮನಸ್ಸು ತಿಳಿಯಾಯಿತು ಎಂದು ಅರ್ಥ. ಬೆದರಿದ ಹೊತ್ತಿನಲ್ಲಿ ಪಾಠ ಹತ್ತುವುದಿಲ್ಲ. ತಿಳಿಯಾಗುವವರೆಗೆ ಕಾಯಬೇಕು.

ಹಾಗೆಯೇ ಅದೂ ನಿಮ್ಮ ಮೈಯನ್ನು ಓದುತ್ತದೆ. ಎದುರಿಗೆ ನಿಂತು, ಎದೆ ಸೆಟೆಸಿ, ಕಣ್ಣಿಟ್ಟು ನೋಡುತ್ತ ದಾಪುಗಾಲು ಹಾಕಿದರೆ ಅದರ ಲೆಕ್ಕದಲ್ಲಿ ನೀವು ಹುಲಿ. ಓರೆಯಾಗಿ, ಭುಜ ಸಡಿಲಬಿಟ್ಟು, ಕೈ ಇಳಿಬಿಟ್ಟು, ಮೆಲ್ಲಗೆ ಬಂದರೆ ನೀವು ಮನೆಯವರು. ಪ್ರತಿ ಹೋರಿಯ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ. ನೀವು ಗೆರೆಯ ಆಚೆ ಇದ್ದರೆ ಸುಮ್ಮನೆ ನೋಡುತ್ತದೆ. ಈಚೆ ಕಾಲಿಟ್ಟರೆ ಜರುಗುತ್ತದೆ. ಆ ಗೆರೆಯ ಹತ್ತಿರ ನಿಲ್ಲಿ. ಜರುಗದೆ ನಿಂತಿತೋ, ನೀವೇ ಒಂದು ಹೆಜ್ಜೆ ಹಿಂದೆ ಸರಿಯಿರಿ. "ನಾನು ಸುಮ್ಮನಿದ್ದರೆ ಇವರು ನನ್ನ ಮೇಲೆ ಬೀಳುವುದಿಲ್ಲ" ಅನ್ನುವುದು ಅದಕ್ಕೆ ತಿಳಿಯುತ್ತದೆ. ದಿನದಿನಕ್ಕೆ ಗೆರೆ ಕಿರಿದಾಗುತ್ತದೆ. ಇನ್ನೊಂದು ಗುಟ್ಟು: ಹೋರಿಯ ಭುಜಕ್ಕಿಂತ ಸ್ವಲ್ಪ ಹಿಂದೆ ನೀವು ನಡೆದರೆ ಅದು ಮುಂದಕ್ಕೆ ನಡೆಯುತ್ತದೆ, ಭುಜಕ್ಕಿಂತ ಮುಂದೆ ಬಂದರೆ ನಿಲ್ಲುತ್ತದೆ, ಇಲ್ಲವೇ ಹಿಂದೆ ಸರಿಯುತ್ತದೆ. ಇದು ಗೊತ್ತಿದ್ದರೆ ಅರ್ಧ ಕೋಲಿನ ಕೆಲಸ ಉಳಿಯಿತು.

ಈಗ ಕಲಿಸುವ ಕ್ರಮಕ್ಕೆ ಬರೋಣ. ಕರುವಾಗಿದ್ದಾಗಿಂದಲೇ ಮೈ ಮುಟ್ಟಿ, ಹಗ್ಗ ಹಿಡಿದು ನಡೆಸಿ ರೂಢಿ ಮಾಡಿದ್ದರೆ ಕೆಲಸ ಬಹಳ ಸುಲಭ. ಜಾತ್ರೆಯಿಂದ ತಂದ ಹೋರಿಯಾದರೆ ಮೊದಲ ನಾಲ್ಕೈದು ದಿನ ಏನನ್ನೂ ಕಲಿಸಬೇಡಿ. ಮೇವು, ನೀರು ಕೊಡುವ ಕೈ ಒಂದೇ ಇರಲಿ. ಕೊಟ್ಟಿಗೆಗೆ ಹೋಗುವಾಗ ಒಂದೇ ರೀತಿ ಕೂಗುತ್ತ ಹೋಗಿ; ಹೆಸರಿಟ್ಟು ಕರೆಯಿರಿ. ಕೀರಲು ದನಿ ಅದರ ಕಿವಿಗೆ ಚುಚ್ಚುತ್ತದೆ, ದನಿ ತಗ್ಗಿರಲಿ.

ಆಮೇಲೆ ಮುಟ್ಟುವುದು. ದನಗಳು ಒಂದನ್ನೊಂದು ನೆಕ್ಕುವ ಜಾಗ ನೋಡಿದ್ದೀರಲ್ಲ, ಕುತ್ತಿಗೆ, ಗಂಗೆದೊಗಲು. ಅಲ್ಲೇ ಕೈಯಾಡಿಸಿ. ಹಿತವಾದರೆ ಕತ್ತು ಚಾಚಿ ಕೊಡುತ್ತದೆ. ಅಲ್ಲಿಂದ ಹೆಗಲಿಗೆ, ಬೆನ್ನಿಗೆ, ಕಡೆಗೆ ಕಾಲಿಗೆ. ತಲೆಯನ್ನೂ ಕೊಂಬನ್ನೂ ಮೊದಲೇ ಹಿಡಿಯಬೇಡಿ.

ಮೂರನೆಯದು ಹಗ್ಗ. ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ, ಜಗ್ಗಬೇಡಿ. ಅದು ಒಂದೇ ಒಂದು ಹೆಜ್ಜೆ ನಿಮ್ಮ ಕಡೆ ಇಟ್ಟಿತೋ, ಆ ಕ್ಷಣವೇ ಸಡಿಲಬಿಡಿ. ರೈತ ಬಾಂಧವರೇ, ಈ ಮಾತನ್ನು ಮನಸ್ಸಿನಲ್ಲಿಡಿ: ಹೋರಿ ಕಲಿಯುವುದು ಹಗ್ಗ ಎಳೆದಾಗ ಅಲ್ಲ, ಹಗ್ಗ ಸಡಿಲಬಿಟ್ಟಾಗ. ಕೇಳಿದ ಮೇಲೂ ಎಳೆಯುತ್ತಲೇ ಇದ್ದರೆ, ಕೇಳಿದರೂ ಅಷ್ಟೇ ಕೇಳದಿದ್ದರೂ ಅಷ್ಟೇ ಅಂತ ಅದು ತೀರ್ಮಾನ ಮಾಡುತ್ತದೆ. ಮೂಗುದಾರ ಹಾಕಿಸುವುದು, ಬೀಜ ಒಡೆಸುವುದು ಪಶುವೈದ್ಯರ ಕೈಯಲ್ಲೇ ಆಗಲಿ. ಗಾಯ ಪೂರ್ತಿ ಮಾಯದೆ ಮೂಗುದಾರ ಎಳೆಯಬೇಡಿ.

ನಾಲ್ಕನೆಯದು ನೊಗ. ಮೊದಲು ನೊಗವನ್ನು ಕೊಟ್ಟಿಗೆಯಲ್ಲೇ ಒರಗಿಸಿಡಿ, ಮೂಸಲಿ. ಒಂದೆರಡು ದಿನ ಬಿಟ್ಟು ಹೆಗಲ ಮೇಲಿಟ್ಟು ತೆಗೆಯಿರಿ. ಆಮೇಲೆ ಸಾಧುವಾದ ಹಳೇ ಎತ್ತಿನ ಜೊತೆ ಕಟ್ಟಿ, ಬರೀ ನೊಗದಲ್ಲಿ ಮೆತ್ತನೆ ನೆಲದ ಮೇಲೆ ನಡೆಸಿ. ಹಳೇ ಎತ್ತಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಎರಡೂ ಹೊಸಬು ಕಟ್ಟಿದರೆ "ಎತ್ತು ಏರಿಗೆ, ಕೋಣ ನೀರಿಗೆ" ಅನ್ನುವ ಗಾದೆ ನಿಜವಾಗುತ್ತದೆ. ಎಡಕ್ಕೆ ಕಲಿತದ್ದನ್ನು ಬಲಕ್ಕೆ ಬದಲಾಯಿಸಬೇಡಿ. ಒಂದು ವಾರದ ಮೇಲೆ ಹಗುರವಾದ ಕೊರಡು ಎಳೆಸಿ. ಹಿಂದಿನಿಂದ ಬರುವ ಸದ್ದು ರೂಢಿಯಾಗಲಿ. ನಂತರ ಕುಂಟೆ, ನಂತರ ಬರಿ ಗಾಡಿ. ಮೊದಮೊದಲು ದಿನಕ್ಕೆ ಹದಿನೈದು, ಇಪ್ಪತ್ತು ನಿಮಿಷ ಸಾಕು. ಅದು ಚೆನ್ನಾಗಿ ನಡೆದಾಗಲೇ ಬಿಚ್ಚಿ, ಒಂದು ಹಿಡಿ ಹಿಂಡಿ ಕೊಡಿ. ಎರಡು ಹಲ್ಲಿನ ಹೋರಿಗೆ ಕಲಿಕೆ ಮಾತ್ರ. ಆಳದ ಉಳುಮೆ, ತುಂಬಿದ ಗಾಡಿ ನಾಲ್ಕು ವರ್ಷ ತುಂಬಿದ ಮೇಲೆ.

ನೋವಿಲ್ಲದೆಯೂ ಮಲಗುವ ಹೋರಿಗೆ ಏನು ಮಾಡಬೇಕು? ಮಲಗಿದ ಕೂಡಲೇ ನೊಗ ಬಿಚ್ಚಿದರೆ, ಮಲಗಿದರೆ ಬಿಡುಗಡೆ ಅಂತ ಕಲಿಯುತ್ತದೆ. ಹೊಡೆದರೆ ಭಯ ಸೇರುತ್ತದೆ. ಕತ್ತು ಬಿಗಿಯದಂತೆ ಕೊರಳ ಹಗ್ಗ ಸಡಿಲಿಸಿ, ಜೊತೆ ಎತ್ತನ್ನು ಹಿಡಿದು, ಸುಮ್ಮನೆ ನಿಂತುಕೊಳ್ಳಿ. ಬೇಸರವಾಗಿ ತಾನೇ ಏಳುತ್ತದೆ. ಎದ್ದು ಎರಡು ಹೆಜ್ಜೆ ಇಟ್ಟಿತೋ, ಆಗ ಬಿಚ್ಚಿ.

ತಾಯಂದಿರಿಗೂ ಒಂದು ಮಾತು. ಕಳೆದ ಬೇಸಿಗೆಯಲ್ಲಿ ನಾನು ನೋಡಿದ ಒಂದು ಮನೆಯಲ್ಲಿ, ಹೋರಿ ಗಂಡಸರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ತಂದವರು ಮಾರಿಬಿಡುವ ಯೋಚನೆಯಲ್ಲಿದ್ದರು. ಆದರೆ ಮನೆಯ ಅಜ್ಜಮ್ಮ ಕಲಗಚ್ಚಿನ ಬಾನಿ ಹಿಡಿದು ಬಂದರೆ ಅದೇ ಹೋರಿ ಕತ್ತು ನೀಡುತ್ತಿತ್ತು. "ಯಾಕಮ್ಮ, ನಿಮಗೆ ಮಾತ್ರ ಹೀಗೆ?" ಅಂತ ಕೇಳಿದೆ. "ನಾನು ಬರುವಾಗ ಹೊಟ್ಟೆಗೆ ತರುತೀನಿ, ಇವರು ಬರುವಾಗ ಹಗ್ಗ ತರುತಾರೆ. ಅದಕ್ಕೇನು ತಿಳಿಯಲ್ವಾ ಸ್ವಾಮಿ?" ಅಂದರು. ಆ ದಿನದಿಂದ ಕಲಗಚ್ಚು ಕೊಡುವ ಕೆಲಸ ಮಗನಿಗೆ ವಹಿಸಿದೆವು, ಅಜ್ಜಮ್ಮ ಪಕ್ಕದಲ್ಲಿ ನಿಂತರು. ಮೂರು ವಾರಕ್ಕೆ ಮಗನ ಕೈ ಹೆಗಲಿಗೆ ಹೋಯಿತು. ಎರಡು ತಿಂಗಳಿಗೆ ಹೋರಿ ಕೊರಡು ಎಳೆಯಿತು. ಈ ಸಲ ಮುಂಗಾರಿಗೆ ಎಡೆಕುಂಟೆ ಕಟ್ಟುವವರಿದ್ದಾರೆ. ಮಾರಿದ್ದರೆ ಆ ಮನೆ ಇನ್ನೊಂದು ಜೊತೆಗೆ ಸಾಲ ಮಾಡಬೇಕಾಗುತ್ತಿತ್ತು.

ಕಾನೂನಿನ ಮಾತನ್ನೂ ಹೇಳಬೇಕು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಪ್ರಕಾರ ದನವನ್ನು ಹಿಂಸೆಯಾಗುವಂತೆ ಹೊಡೆಯುವುದು, ಶಕ್ತಿ ಮೀರಿ ದುಡಿಸುವುದು ಅಪರಾಧ. 1965ರ ನಿಯಮಗಳ ಪ್ರಕಾರ ಕೆಲಸದ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿ ಸೆಂಟಿಗ್ರೇಡ್ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಕೂಡದು. ತುದಿಗೆ ಮೊಳೆ ಹೊಡೆದ ಕೋಲು ಬಳಸಕೂಡದು.

ಕೊನೆಯದಾಗಿ, ಹೇಳಿದ್ದನ್ನು ಒಂದು ಸಲ ಜ್ಞಾಪಿಸುತ್ತೇನೆ. ಮೊದಲು ನೋವು ಹುಡುಕಿ. ಭಯವಿದ್ದರೆ ಕಾಯಿರಿ. ಪಕ್ಕದಿಂದ, ಮೆಲ್ಲಗೆ, ಕೂಗಿಕೊಂಡು ಬನ್ನಿ. ಕೇಳಿದ ಕ್ಷಣವೇ ಹಗ್ಗ ಸಡಿಲಿಸಿ. ನಿಮಗೆ ಸಿಟ್ಟು ಬಂದ ದಿನ ಪಾಠಕ್ಕೆ ರಜಾ ಕೊಡಿ. ನಾಳೆ ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಹಗ್ಗವನ್ನು ಗೂಟದ ಮೇಲೆ ಬಿಟ್ಟು, ಬರಿಗೈಯಲ್ಲಿ ಐದು ನಿಮಿಷ ಹೋರಿಯ ಪಕ್ಕದಲ್ಲಿ ನಿಂತು ನೋಡಿ. ಅದರ ಕಿವಿ ಏನು ಹೇಳುತ್ತದೆ ಗಮನಿಸಿ. ಅಲ್ಲಿಂದ ನಿಮ್ಮ ಕೆಲಸ ಶುರು.