ಸೊನ್ನೆಯನ್ನೂ ಬರೆಯಬೇಕು



ಪ್ರೌಢಶಾಲೆಗೆ ಐವತ್ತು ತುಂಬಿದ ಸಂಭ್ರಮದಲ್ಲಿ ಪಕ್ಕದ ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟ್ರನ್ನೂ ನೆನೆದು ಕರೆಸಿದ್ದೀರಿ. ಸಂತೋಷ. ಇಲ್ಲಿ ಎಂಟನೇ ತರಗತಿಗೆ ಸೇರುವ ಮಗು ಅಲ್ಲಿಯವರೆಗೆ ನಮ್ಮ ಕೈಯಲ್ಲಿರುತ್ತದೆ. ವಿಜ್ಞಾನದಲ್ಲಿ ಏನು ಕಲಿಸಿ ಕಳಿಸಿದಿರಿ ಎಂದು ಕೇಳಿದರೆ ನಾನು ಹೇಳುವುದು ಒಂದೇ: ನೋಡಿದ್ದನ್ನು ನೋಡಿದ ಹಾಗೆ ಬರೆದಿಡುವುದು. ಉಳಿದದ್ದನ್ನು ಇಲ್ಲಿನ ಶಿಕ್ಷಕರು ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ನಮ್ಮಲ್ಲಿ ಪ್ರಯೋಗಾಲಯ ಇರಲಿಲ್ಲ. ಇದ್ದದ್ದು ಬದಿ ನೆಟ್ಟಗಿರುವ ಒಂದು ಗಾಜಿನ ಭರಣಿ, ಒಂದು ಅಳತೆಪಟ್ಟಿ, ಇನ್ನೂರು ಪುಟದ ಒಂದು ನೋಟ್‌ಬುಕ್. ಭರಣಿ ಮಳೆ ಬೇಸಿಗೆ ರಜೆಯಲ್ಲೇ ಹೋಗಿಬಿಡುತ್ತದೆ. ರೋಹಿಣಿ ಮಳೆಗೆ ನಮ್ಮ ಭರಣಿ ಹೊರಗೆ ಬರುತ್ತಿತ್ತು. ಅದನ್ನು ಎಲ್ಲಿಡಬೇಕು ಎನ್ನುವುದಕ್ಕೇ ಒಂದು ದಿನ ಬೇಕು. ಮರದ ಕೆಳಗಿಟ್ಟರೆ ಮಳೆ ನಿಂತ ಮೇಲೂ ಎಲೆ ತೊಟ್ಟಿಕ್ಕುತ್ತದೆ. ಗೋಡೆ ಮಗ್ಗುಲಿಗಿಟ್ಟರೆ ಗಾಳಿಮಳೆ ಒಳಗೆ ಬೀಳುವುದೇ ಇಲ್ಲ. ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಬೇಕು. ಮರದ ಎತ್ತರ ಅಳೆಯುವುದು ಹೇಗೆ? ನೆರಳಿನಿಂದ. ಹೀಗೆ ಒಂದು ಪಾಠದ ಹಿಂದೆ ಇನ್ನೊಂದು ಬರುತ್ತದೆ. ಇದಕ್ಕೆಲ್ಲ ಎಲ್ಲಿ ಸಮಯ ಎನ್ನುವ ಮೇಷ್ಟ್ರುಗಳ ಮಾತನ್ನು ನಾನು ಒಪ್ಪುವುದಿಲ್ಲ.

ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ನಾವೂ ಅದೇ ಹೊತ್ತು ಇಟ್ಟುಕೊಂಡೆವು. ಶಾಲೆ ಹತ್ತಿರದ ಮನೆಗಳ ಮಕ್ಕಳಿಗೆ ಸರದಿ. ಒಂದು ದಿನ ಹುಡುಗಿ 12 ಮಿಲಿಮೀಟರ್ ಎಂದಳು, ಹುಡುಗ 13 ಎಂದ. ಜಗಳ. "ಯಾವುದು ಸರಿ ಸಾರ್?" ಎರಡನ್ನೂ ಬರೆಯಿರಿ, ಹೆಸರು ಸಮೇತ ಎಂದೆ. ಆಮೇಲೆ ಅವರೇ ಕೂತು ನೋಡಿದರು. ಹುಡುಗ ನಿಂತುಕೊಂಡು ಮೇಲಿನಿಂದ ಓರೆಯಾಗಿ ನೋಡಿದ್ದ, ಒಂದು ಗೆರೆ ಹೆಚ್ಚು ಕಂಡಿತ್ತು. 13ನ್ನು ರಬ್ಬರಿನಿಂದ ಅಳಿಸಲು ನಾನು ಬಿಡಲಿಲ್ಲ. ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆದರು. ಭಾನುವಾರ ಯಾರೂ ಅಳೆಯದಿದ್ದರೆ ಸೋಮವಾರದ ಅಂಕಿಯ ಮುಂದೆ ‘ಎರಡು ದಿನದ್ದು’ ಎಂದಿರಬೇಕು.

"ಮಳೆನೇ ಬರಲಿಲ್ಲವಲ್ಲ ಸಾರ್, ಏನು ಬರೆಯಲಿ?" ಪ್ರತಿ ವರ್ಷ ಯಾವುದಾದರೂ ಮಗು ಇದನ್ನು ಕೇಳುತ್ತಿತ್ತು. ಸೊನ್ನೆ ಬರಿ ಮಗು. ಖಾಲಿ ಬಿಟ್ಟರೆ, ಅವತ್ತು ಮಳೆ ಬರಲಿಲ್ಲವೋ, ಬರೆಯುವವರೇ ಬರಲಿಲ್ಲವೋ ಯಾರಿಗೆ ಗೊತ್ತಾಗುತ್ತದೆ? ಒಂದು ವರ್ಷ ಆರಿದ್ರಾ ಮಳೆಯ ಪುಟದ ತುಂಬ ಸೊನ್ನೆಗಳೇ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ಒಬ್ಬ ತಂದೆ ಮಗಳ ಬರಹ ನೋಡಲು ಶಾಲೆಗೇ ಬಂದರು. ಸೊನ್ನೆಗಳ ಮೇಲೆ ಬೆರಳಾಡಿಸಿ ಎಣಿಸಿದರು, ಮಾತಾಡಲಿಲ್ಲ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್ ನೀರು. ಆ ಲೆಕ್ಕ ಮಾಡಿದ ಮಕ್ಕಳಿಗೆ ಆಮೇಲೆ ಮಿಲಿಮೀಟರ್ ಸಣ್ಣದಾಗಿ ಕಾಣಲಿಲ್ಲ. ಈಗಂತೂ ಮಾವು, ಅಡಿಕೆಯಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಗೆ ಮಳೆಮಾಪಕದ ಅಂಕಿಯೇ ಬೇಕು. ಆ ಅಂಕಿ ಹೇಗೆ ಬರುತ್ತದೆಂದು ತಿಳಿದವರು ಊರಲ್ಲಿ ನಾಲ್ಕು ಜನ ಇರುವುದು ಒಳ್ಳೆಯದು.

ಇನ್ನೊಂದು ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕದಲ್ಲಿರುವ 100 ಸಮುದ್ರಮಟ್ಟದ್ದು. ಥರ್ಮಾಮೀಟರಿನಲ್ಲಿ 97 ಕಂಡರೂ ಮಕ್ಕಳು 100 ಬರೆಯುತ್ತಾರೆ, ಏಕೆಂದರೆ ಅದಕ್ಕೆ ಅಂಕ ಸಿಗುತ್ತದೆ. ಇಲ್ಲಿನ ವಿಜ್ಞಾನ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ: 97 ಬರೆದ ಮಗುವಿಗೆ ಕೆಂಪು ಗೆರೆ ಹಾಕಬೇಡಿ, ಏಕೆ 97 ಎಂದು ಕೇಳಿ.

ಮಳೆಯ ನೋಟ್‌ಬುಕ್‌ಗಳು ಪ್ರಾಥಮಿಕ ಶಾಲೆಯ ಬೀರುವಿನಲ್ಲಿವೆ. ಎರಡು ವರ್ಷದ್ದು ಮಾತ್ರ ಸಿಕ್ಕುತ್ತಿಲ್ಲ; ಸುಣ್ಣ ಬಳಿಯುವಾಗ ರದ್ದಿಗೆ ಹೋಯಿತೋ, ಯಾರಾದರೂ ಮನೆಗೆ ಒಯ್ದರೋ. ಹಳೆಯ ವಿದ್ಯಾರ್ಥಿಗಳೇ, ಹಬ್ಬಕ್ಕೆ ಅಟ್ಟ ಗುಡಿಸುವಾಗ ಕಣ್ಣಿಗೆ ಬಿದ್ದರೆ ದಯವಿಟ್ಟು ತಂದುಕೊಡಿ. ರಟ್ಟು ಹರಿದಿದ್ದರೂ ಚಿಂತೆಯಿಲ್ಲ.