ತೆರೆಯ ಮೇಲಿನ ಫ್ಲ್ಯಾಟು, ಊರಿನೊಳಗಿನ ಬಾಡಿಗೆ ಮನೆ

2008ರಲ್ಲಿ ಬಂದ ಹಿಂದಿ ಚಿತ್ರ ‘ದೋಸ್ತಾನಾ’ ಹಲವರಿಗೆ ನೆನಪಿರಬಹುದು. ಮಯಾಮಿಯಲ್ಲೊಂದು ಚೆಂದದ ಫ್ಲ್ಯಾಟು ಬಾಡಿಗೆಗೆ ಸಿಗಲೆಂದು ಇಬ್ಬರು ಗೆಳೆಯರು ತಾವು ಸಲಿಂಗಪ್ರೇಮಿಗಳೆಂದು ಸುಳ್ಳು ಹೇಳುತ್ತಾರೆ. ಥಿಯೇಟರು ನಕ್ಕಿತು. ನಮ್ಮ ಊರುಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಕೂಡಿ ಬಾಳುವ ಇಬ್ಬರು ಗಂಡಸರು ಮನೆ ಓನರಿಗೆ ‘ನಾವು ಕಸಿನ್ಸು’ ಎಂದು ಹೇಳಿ ಅಡ್ವಾನ್ಸ್ ಕೊಡುತ್ತಾರೆ. ಊರಿಂದ ಅಮ್ಮ ಬರುವ ದಿನ ಇನ್ನೊಂದು ರೂಮಿನಲ್ಲಿ ಬೇರೆ ಹಾಸಿಗೆ ಬೀಳುತ್ತದೆ, ಇಬ್ಬರೂ ಇರುವ ಫೋಟೊ ಬೀರು ಸೇರುತ್ತದೆ.

ಹಿಂದಿ ಸಿನಿಮಾ ಬಹುಕಾಲ ಸಲಿಂಗಪ್ರೇಮಿಗಳನ್ನು ಕರೆತಂದಿದ್ದೇ ನಗಿಸಲಿಕ್ಕೆ. ಅವರ ಕಥೆಯನ್ನು ಗಂಭೀರವಾಗಿ ಹೇಳಿದ ದೀಪಾ ಮೆಹ್ತಾರ ‘ಫೈರ್’ 1998ರಲ್ಲಿ ನಮ್ಮಲ್ಲಿ ತೆರೆಕಂಡಾಗ ಮುಂಬೈ, ದೆಹಲಿಗಳ ಥಿಯೇಟರುಗಳ ಮೇಲೆ ದಾಳಿಯಾಯಿತು.

2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಏಳೇ ತಿಂಗಳಲ್ಲಿ ಅಲಿಗಢದಲ್ಲಿ ಕ್ಯಾಮೆರಾ ಹಿಡಿದವರು ಮರಾಠಿ ಪ್ರಾಧ್ಯಾಪಕ ಶ್ರೀನಿವಾಸ ರಾಮಚಂದ್ರ ಸಿರಾಸ್ ಅವರ ಮನೆಗೆ ನುಗ್ಗಿದರು. ಅವರ ಖಾಸಗಿ ಕ್ಷಣವೇ ಚಿತ್ರವಾಯಿತು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು, ಕ್ವಾರ್ಟರ್ಸೂ ಬಿಡಬೇಕಾಯಿತು. ಅಮಾನತಿಗೆ ಅಲಹಾಬಾದ್ ಹೈಕೋರ್ಟ್ ತಡೆ ಕೊಟ್ಟ ಕೆಲವೇ ದಿನಗಳಲ್ಲಿ, 2010ರ ಏಪ್ರಿಲ್‌ನಲ್ಲಿ, ಬಾಡಿಗೆ ಮನೆಯೊಂದರಲ್ಲಿ ಅವರ ಶವ ಸಿಕ್ಕಿತು. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಇದಕ್ಕಿಂತ ಕ್ರೂರವಾದ ಘಟ್ಟವಿಲ್ಲ. ಹನ್ಸಲ್ ಮೆಹ್ತಾ ಇದನ್ನು ‘ಅಲಿಗಢ’ ಎಂಬ ಚಿತ್ರವಾಗಿಸಿದರು. ಅದರಲ್ಲಿ ಸಿರಾಸ್ ಆಗಿ ಮನೋಜ್ ಬಾಜಪೇಯಿ ಒಬ್ಬರೇ ಕೂತು, ಕೈಯಲ್ಲಿ ಗ್ಲಾಸು ಹಿಡಿದು, ಲತಾ ಹಾಡು ಕೇಳುತ್ತಾರೆ. ಕಣ್ಣು ಮುಚ್ಚಿ ಕೈಯಾಡಿಸುವ ಆ ವಯಸ್ಸಾದ ಮನುಷ್ಯನನ್ನು ನೋಡಿ ನಗಲು ಯಾರಿಗೂ ಸಾಧ್ಯವಿಲ್ಲ.

ಕನ್ನಡದಲ್ಲಿ ಇಂಥ ಬದುಕನ್ನು ಗಂಭೀರವಾಗಿ ಹೇಳುವ ಕೆಲಸವನ್ನು ಸಾಹಿತ್ಯ ಮಾಡಿತು. 2013ರಲ್ಲಿ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಬಂತು. ಜೊತೆಗಿದ್ದ ಕಾರ್ತಿಕ್ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಪಡುವ ಸಂಕಟವನ್ನು ಓದಿ, ತಮ್ಮದೇ ಬದುಕನ್ನು ಮೊದಲ ಸಲ ಕನ್ನಡದಲ್ಲಿ ಕಂಡವರಿದ್ದಾರೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ತೀರ್ಪನ್ನು ತಳ್ಳಿಹಾಕಿತು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನಲ್ಲೇ ಅಪರಾಧದ ಹಣೆಪಟ್ಟಿ ಕಳಚಿತು. ಆದರೆ 2023ರಲ್ಲಿ ಅದೇ ಕೋರ್ಟು ಮದುವೆಯ ಹಕ್ಕು ಕೊಡಲಿಲ್ಲ. ಹೀಗಾಗಿ ಬಾಡಿಗೆ ಕರಾರಿಗೆ ಸಹಿ ಹಾಕಿದವರು ತೀರಿಕೊಂಡರೆ, ಜೊತೆಗಿದ್ದವರು ಆ ಮನೆಯಲ್ಲಿ ಉಳಿಯುವುದು ಇಂದಿಗೂ ಓನರು ಮತ್ತು ನೆಂಟರ ಮರ್ಜಿಗೆ ಬಿಟ್ಟ ಮಾತು.