ಮರಣಶಯ್ಯೆಯ ಬಳಿ ನಮ್ಮ ಕರ್ತವ್ಯ



ನೂರು ವರ್ಷಗಳಿಂದ ಈ ದೇವಾಲಯದ ದಾಖಲೆ ಪುಸ್ತಕಗಳಲ್ಲಿ ನಮ್ಮ ಜ್ಞಾನಸ್ನಾನ, ವಿವಾಹ, ಮರಣಗಳು ಬರೆಯಲ್ಪಡುತ್ತ ಬಂದಿವೆ. ಮೊದಲಿನ ಎರಡಕ್ಕೆ ನಾವೆಲ್ಲರೂ ಮುಂಚಿತವಾಗಿ ಸಿದ್ಧರಾಗುತ್ತೇವೆ. ಮೂರನೆಯದಕ್ಕೆ ಸಿದ್ಧತೆ ವಿರಳ. ಹಿರಿಯರೊಬ್ಬರು ಹಾಸಿಗೆ ಹಿಡಿದರೆ, ಗುರುಗಳನ್ನು ಕರೆಸಿದರೆ ರೋಗಿ ಎಲ್ಲಿ ಹೆದರಿಯಾರೋ ಎಂದು ಅನೇಕ ಮನೆಗಳಲ್ಲಿ ದಿನ ದೂಡುವರು. ಪ್ರಜ್ಞೆ ತಪ್ಪಿದ ಮೇಲೆ ಓಡಿಬರುವರು. ಆಗ ಪಾಪನಿವೇದನೆ ಮಾಡಲು ರೋಗಿಗೆ ಮಾತಿಲ್ಲ, ಪರಮಪ್ರಸಾದ ಸ್ವೀಕರಿಸಲು ಶಕ್ತಿಯಿಲ್ಲ.

ಅಂತ್ಯಾಭ್ಯಂಗ ಎಂಬ ಹಳೆಯ ಹೆಸರೂ ಈ ಅಂಜಿಕೆಯನ್ನು ಬೆಳೆಸಿರಬಹುದು. ಆದರೆ ಇದನ್ನು ರೋಗಿಗಳ ಅಭ್ಯಂಗವೆನ್ನುವುದೇ ಹೆಚ್ಚು ಯುಕ್ತವೆಂದೂ, ಇದು ಪ್ರಾಣ ಹೋಗುವ ಗಳಿಗೆಯಲ್ಲಿರುವವರಿಗೆ ಮಾತ್ರ ಮೀಸಲಲ್ಲವೆಂದೂ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ತಿಳಿಸಿತು. 1972ರಲ್ಲಿ ಜಗದ್ಗುರು ಆರನೆಯ ಪೌಲರು ಅಂಗೀಕರಿಸಿದ ವಿಧಿಯಂತೆ ಹಣೆಗೂ ಕೈಗಳಿಗೂ ಪವಿತ್ರ ತೈಲವನ್ನು ಲೇಪಿಸಲಾಗುತ್ತದೆ. ಮರಣಾಸನ್ನರಿಗೆ ವಿಶೇಷವಾಗಿ ಸಲ್ಲತಕ್ಕ ಸಂಸ್ಕಾರವೆಂದರೆ ಪರಮಪ್ರಸಾದ. ಆ ಹೊತ್ತಿನಲ್ಲಿ ಅದಕ್ಕೆ ಧರ್ಮಸಭೆಯು ಕೊಟ್ಟಿರುವ ಲತೀನ್ ಹೆಸರಿನ ಅರ್ಥ ದಾರಿಯ ಬುತ್ತಿ ಎಂದು. ಪಯಣಿಗನು ಹೊರಟುಹೋದ ಮೇಲೆ ಬುತ್ತಿ ಕಟ್ಟಿದರೆ ಫಲವೇನು?

ಆತ್ಮದ ಸೇವೆಯೊಡನೆ ದೇಹದ ಸೇವೆಯೂ ನಮಗೆ ಸೇರಿದ್ದು. ನೋವನ್ನು ಶಮನಗೊಳಿಸುವ ಔಷಧವನ್ನು ತಕ್ಕ ಪ್ರಮಾಣದಲ್ಲಿ ಕೊಡುವುದು ನ್ಯಾಯಸಮ್ಮತವೆಂದು ಜಗದ್ಗುರು ಹನ್ನೆರಡನೆಯ ಪಿಯುಸರು 1957ರಲ್ಲಿ ವೈದ್ಯರಿಗೆ ತಿಳಿಸಿದ್ದರು. ಬೇಕೆಂದೇ ಪ್ರಾಣ ತೆಗೆಯುವುದು ಪಾಪ. ನೋವು ನೀಗಿಸುವುದು ದಯೆ. ಮನೆಯಲ್ಲಿ ನೋಡಿಕೊಳ್ಳಲಾಗದಷ್ಟು ಉಲ್ಬಣಿಸಿದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯವು 1999ರಿಂದ ಉಚಿತ ಆರೈಕೆ ನೀಡುತ್ತ ಬಂದಿದೆ.

ಮನೆಯಲ್ಲಿರುವವರ ಒಣಗಿದ ತುಟಿಗಳನ್ನು ಒದ್ದೆಬಟ್ಟೆಯಿಂದ ತೇವಮಾಡೋಣ. ಆಗಾಗ್ಗೆ ಮಗ್ಗುಲು ಬದಲಿಸೋಣ. ನುಂಗಲಾರದವರ ಬಾಯಿಗೆ ಒತ್ತಾಯದಿಂದ ಹಾಲು, ಗಂಜಿ ಹಾಕದಿರೋಣ. ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟೀತು. ಕಣ್ಣು ಮುಚ್ಚಿ ಮಲಗಿದವರಿಗೂ ಮಾತು ಕೇಳಿಸುತ್ತಿರಬಹುದು. ಆದಕಾರಣ ಅವರ ಬಳಿ ಆಸ್ತಿಯ ಮಾತು ಬೇಡ, ಅಳುವಿನ ಅಬ್ಬರ ಬೇಡ. ಕೈಹಿಡಿದು, ಅವರಿಗೆ ಚಿರಪರಿಚಿತವಾದ ಜಪವನ್ನು ಮೆಲುದನಿಯಲ್ಲಿ ಹೇಳೋಣ. ಮುನಿಸಿಕೊಂಡು ದೂರವಾದ ಬಂಧುಗಳಿದ್ದರೆ ಕರೆಸೋಣ. ಕ್ಷಮೆ ಬೇಡುವುದಕ್ಕೂ ಕೊಡುವುದಕ್ಕೂ ಇನ್ನೊಂದು ದಿನ ಸಿಕ್ಕದೆ ಹೋಗಬಹುದು.

ಗೆತ್ಸೆಮನೆ ತೋಪಿನಲ್ಲಿ ಪ್ರಭು ತಮ್ಮ ಶಿಷ್ಯರಿಂದ ಬಯಸಿದ್ದು ತಮ್ಮೊಡನೆ ಎಚ್ಚರವಾಗಿರುವುದನ್ನು. ಅವರೋ ನಿದ್ರೆಹೋದರು. ದೇವಮಾತೆಯಾದರೋ ಶಿಲುಬೆಯ ಬಳಿ ನಿಂತೇ ಇದ್ದರು. ಪುತ್ರನ ನೋವನ್ನು ತಗ್ಗಿಸುವ ದಾರಿ ಅವರಿಗಿರಲಿಲ್ಲ; ಆದರೂ ಬಿಟ್ಟುಹೋಗಲಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿಯೂ ಮಕ್ಕಳು ದೂರದ ಊರುಗಳಲ್ಲಿರುವ, ಒಂಟಿಯಾಗಿ ಬಾಳುತ್ತಿರುವ ವೃದ್ಧರಿದ್ದಾರೆ. ನೆರೆಹೊರೆಯ ನಾವು ಸರದಿಯಂತೆ ಒಂದೊಂದು ರಾತ್ರಿ ಅವರ ಬಳಿ ಕುಳಿತರೆ, ಸಕಾಲದಲ್ಲಿ ಗುರುಗಳಿಗೆ ತಿಳಿಸಿದರೆ, ಅದೇ ಈ ಶತಮಾನೋತ್ಸವಕ್ಕೆ ನಾವು ಅರ್ಪಿಸುವ ಕಾಣಿಕೆಯಾದೀತು. ಸನ್ಮರಣದ ಪಾಲಕರಾದ ಸಂತ ಜೋಸೆಫರು ಈ ಸೇವೆಯಲ್ಲಿ ನಮಗೆ ನೆರವಾಗಲಿ.